ಹಲ್ಲಿಗೊಬ್ಬ ವೈದ್ಯ

ಮಾತಿನ ಮಧ್ಯೆ ಹಲ್ಲಿ ಲೊಚಗುಟ್ಟಿದರೆ, ಹೇಳಿದ ಮಾತು ನಿಜವೆಂದು ಬೆರಳಿನಿಂದ ನೆಲ ತಟ್ಟುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅದು ಮೈಮೇಲೆ ಬಿದ್ದರೆ ಪಂಚಾಂಗ ತೆರೆದು ಫಲ ನೋಡುವುದೂ ಉಂಟು. ಕಂಚಿಯ ವರದರಾಜಸ್ವಾಮಿ ದೇವಾಲಯಕ್ಕೆ ಹೋದವರು ಚಿನ್ನ, ಬೆಳ್ಳಿಯ ಹಲ್ಲಿಗಳನ್ನು ಮುಟ್ಟದೆ ಬರುವುದಿಲ್ಲ. ಹಲ್ಲಿಯಿಂದ ಮನುಷ್ಯನಿಗೆ ಏನಾದೀತು ಎಂಬ ಚಿಂತೆ ಹೀಗೆ ಬಹಳ ಹಳೆಯದು. ಮನುಷ್ಯನಿಂದ ಹಲ್ಲಿಗೆ ಏನಾದೀತು ಎಂಬ ಪ್ರಶ್ನೆ ಮಾತ್ರ ತೀರಾ ಈಚಿನದು.

ಈ ಪ್ರಶ್ನೆ ಎದ್ದದ್ದು ಹಲ್ಲಿ ಗಾಜಿನ ಪೆಟ್ಟಿಗೆ ಸೇರಿದ ಮೇಲೆ. ಅಮೆರಿಕ, ಯುರೋಪುಗಳಲ್ಲಿ ನಾಯಿ, ಬೆಕ್ಕುಗಳಂತೆ ಹಲ್ಲಿಯನ್ನೂ ಸಾಕುವ ಹವ್ಯಾಸ ಇಂದು ವ್ಯಾಪಕವಾಗಿದೆ. ಹಾಗೆ ಸಾಕುವ ಹಲ್ಲಿಗಳಲ್ಲಿ ಅತಿ ಜನಪ್ರಿಯವಾದವುಗಳ ಸಾಲಿನಲ್ಲಿರುವ 'ಲೆಪರ್ಡ್ ಗೆಕೊ', ಅಂದರೆ ಚಿರತೆ ಹಲ್ಲಿ, ನಮ್ಮ ಉಪಖಂಡದ್ದೇ ಪ್ರಾಣಿ.

ಪಂಜಾಬಿನ ಹಲ್ಲಿ

ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದ ಮೇಲ್ವಿಚಾರಕನಾಗಿದ್ದ ಎಡ್ವರ್ಡ್ ಬ್ಲೈತ್ 1854ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ. ಮಾದರಿ ಸಿಕ್ಕಿದ್ದು ಪಂಜಾಬಿನ ಉಪ್ಪಿನ ಬೆಟ್ಟಗಳ ಸಾಲಿನಲ್ಲಿ. ಆ ಪ್ರದೇಶ ಈಗ ಪಾಕಿಸ್ತಾನದಲ್ಲಿದೆ. ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಒಣ ಕಲ್ಲುನೆಲ ಇದರ ನೆಲೆ.

ಮನೆಯ ಗೋಡೆಯ ಹಲ್ಲಿಗೂ ಇದಕ್ಕೂ ವ್ಯತ್ಯಾಸ ಬಹಳ. ಇದರ ಬೆರಳುಗಳಲ್ಲಿ ಅಂಟುಮೆತ್ತೆ ಇಲ್ಲವಾದ್ದರಿಂದ ಗೋಡೆ ಏರಲಾರದು. ಕಣ್ಣಿಗೆ ರೆಪ್ಪೆ ಇರುವುದರಿಂದ ಕಣ್ಣು ಮುಚ್ಚಿ ನಿದ್ರಿಸಬಲ್ಲದು. ಹಗಲಲ್ಲಿ ಕಲ್ಲಿನಡಿ ಅಡಗಿದ್ದು ಮುಸ್ಸಂಜೆಗೆ ಹೊರಬರುತ್ತದೆ. ದಪ್ಪನೆಯ ಬಾಲವೇ ಅದರ ಕಣಜ. ಬರಗಾಲಕ್ಕೆ ಬೇಕಾದ ಕೊಬ್ಬು ಅಲ್ಲಿ ಶೇಖರವಾಗಿರುತ್ತದೆ. ಇದು ಭಾರಿ ವಿಷದ ಪ್ರಾಣಿ ಎಂಬ ನಂಬಿಕೆ ಅದರ ತವರಿನಲ್ಲಿದೆ. ವಾಸ್ತವವಾಗಿ ಇದರಲ್ಲಿ ವಿಷವೇ ಇಲ್ಲ.

ಸಿಂಹದ ಮರಿಯ ಪಾಠ

ಪಂಜರದ ಪ್ರಾಣಿಗಳ ವೈದ್ಯದ ಒಂದು ದೊಡ್ಡ ಪಾಠ ದೊರೆತದ್ದು ಸಿಂಹದ ಮರಿಗಳಿಂದ. 19ನೇ ಶತಮಾನದ ಕೊನೆಯಲ್ಲಿ ಲಂಡನ್ ಮೃಗಾಲಯದ ಸಿಂಹದ ಮರಿಗಳು ಮೂಳೆ ಮೆತ್ತಗಾಗುವ ರಿಕೆಟ್ಸ್ ರೋಗದಿಂದ ನರಳುತ್ತಿದ್ದವು. ಅವುಗಳಿಗೆ ಸಿಗುತ್ತಿದ್ದುದು ಎಲುಬಿಲ್ಲದ ಮಾಂಸ. ಶಸ್ತ್ರವೈದ್ಯ ಜಾನ್ ಬ್ಲಾಂಡ್-ಸಟನ್ ಪುಡಿ ಮಾಡಿದ ಎಲುಬು, ಹಾಲು ಮತ್ತು ಕಾಡ್ ಮೀನಿನ ಎಣ್ಣೆ ಕೊಡಿಸಿದ. ಕೆಲವೇ ತಿಂಗಳಲ್ಲಿ ಮರಿಗಳು ಚೇತರಿಸಿಕೊಂಡವು. ಎಣ್ಣೆಯಲ್ಲಿದ್ದುದು ಡಿ ಜೀವಸತ್ವ ಎಂಬುದು ತಿಳಿದದ್ದು 1920ರ ದಶಕದಲ್ಲಿ. ಚರ್ಮದ ಮೇಲೆ ಅತಿನೇರಳೆ ಕಿರಣ ಬಿದ್ದಾಗ ದೇಹವೇ ಅದನ್ನು ತಯಾರಿಸಿಕೊಳ್ಳುತ್ತದೆ ಎಂಬುದೂ ಆಗಲೇ ಸ್ಪಷ್ಟವಾಯಿತು.

ಅದೇ ಮೃಗಾಲಯದಲ್ಲಿ ಈ ತಿಳಿವಳಿಕೆಯನ್ನು ಸರೀಸೃಪಗಳಿಗೆ ತಂದವಳು ಜೋನ್ ಪ್ರಾಕ್ಟರ್. 1923ರಲ್ಲಿ ಸರೀಸೃಪ ವಿಭಾಗದ ಹೊಣೆ ಹೊತ್ತ ಈಕೆಗೆ ಆಗ ಇನ್ನೂ 26 ವರ್ಷ. ಈಕೆಯ ವಿನ್ಯಾಸದಂತೆ 1927ರಲ್ಲಿ ಹೊಸ ಸರೀಸೃಪ ಗೃಹ ತೆರೆಯಿತು. ಪ್ರತಿ ಪ್ರಾಣಿಗೂ ಅದರದರ ಅಗತ್ಯಕ್ಕೆ ತಕ್ಕಂತೆ ವಿದ್ಯುತ್ ಕಾವು, ಅತಿನೇರಳೆ ಕಿರಣಗಳನ್ನು ಒಳಬಿಡುವ ವಿಶೇಷ ಗಾಜು ಅಲ್ಲಿದ್ದವು. ಕಾಯಿಲೆ ಬಿದ್ದ ಹಾವು, ಹಲ್ಲಿಗಳಿಗೆ ಆಕೆಯೇ ಚಿಕಿತ್ಸೆ ಮಾಡುತ್ತಿದ್ದಳು. ಜೀವನವಿಡೀ ಅನಾರೋಗ್ಯದಿಂದ ಬಳಲಿದ ಪ್ರಾಕ್ಟರ್ 1931ರಲ್ಲಿ, 34ರ ಹರೆಯದಲ್ಲಿ ತೀರಿಕೊಂಡಳು. ಸರೀಸೃಪಕ್ಕೆ ಮೊದಲ ಔಷಧ ಅದರ ವಾಸಸ್ಥಾನವೇ ಎಂಬ ತತ್ವ ಆ ಕಟ್ಟಡದಲ್ಲಿ ಮೈದಳೆದಿತ್ತು.

ರೋಗ ಪೆಟ್ಟಿಗೆಯದು

ಮೃಗಾಲಯ ಕಲಿತ ಈ ಪಾಠವನ್ನು ಮನೆಗಳು ಕಲಿಯಲು ಹಲವು ದಶಕಗಳೇ ಬೇಕಾದವು. ಚಿರತೆ ಹಲ್ಲಿ ಪೆಟ್ಟಿಗೆಯಲ್ಲಿ ಸುಲಭವಾಗಿ ಮೊಟ್ಟೆಯಿಡುತ್ತದೆ, ಹೆಚ್ಚು ಜಾಗ ಬೇಡುವುದಿಲ್ಲ, ಸದ್ದು ಮಾಡುವುದಿಲ್ಲ. ಹೀಗಾಗಿ ಅದು ಮಕ್ಕಳಿಗೆ ಕೊಡಬಹುದಾದ 'ಸುಲಭದ ಪ್ರಾಣಿ' ಎಂಬ ಹೆಸರು ಪಡೆಯಿತು. ಸಂಕಟ ಶುರುವಾದದ್ದು ಇಲ್ಲಿಂದಲೇ.

ಸಾಕಿದವರು ತಿನ್ನಿಸುವ ಮಿಡತೆ, ಹುಳುಗಳಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಿಮೆ. ಕಿಟಕಿಯ ಸಾಧಾರಣ ಗಾಜು ಡಿ ಜೀವಸತ್ವಕ್ಕೆ ಬೇಕಾದ ಕಿರಣವನ್ನು ತಡೆಯುತ್ತದೆ. ಆಗ ದೇಹ ತನ್ನ ಎಲುಬಿನಿಂದಲೇ ಸುಣ್ಣ ಎಳೆದುಕೊಳ್ಳತೊಡಗುತ್ತದೆ. ದವಡೆ ರಬ್ಬರಿನಂತೆ ಬಾಗುತ್ತದೆ, ಕಾಲು ಸೊಟ್ಟಗಾಗುತ್ತದೆ, ಮೈ ನಡುಗುತ್ತದೆ. ಸಿಂಹದ ಮರಿಗಳ ಹಳೆಯ ಕಾಯಿಲೆಗೆ ಇದು ಹತ್ತಿರದ ಬಂಧು. ಹುಳುಗಳಿಗೆ ಸುಣ್ಣದ ಪುಡಿ ಮತ್ತು ಡಿ3 ಸವರಿ ಕೊಡುವುದು, ಅತಿನೇರಳೆ ದೀಪ ಇಡುವುದು ಇದಕ್ಕೆ ಪರಿಹಾರ. ಆದರೆ ಒಮ್ಮೆ ಬಾಗಿದ ಎಲುಬು ಪೂರ್ತಿ ನೆಟ್ಟಗಾಗುವುದು ಕಷ್ಟ.

ಉಳಿದ ಕಾಯಿಲೆಗಳಲ್ಲೂ ಅನೇಕವು ಪೆಟ್ಟಿಗೆಯಿಂದ ಹುಟ್ಟಿದವೇ. ತೇವ ಸಾಲದಿದ್ದರೆ ಪೊರೆ ಸರಿಯಾಗಿ ಕಳಚದೆ ಬೆರಳಿಗೆ ದಾರದಂತೆ ಬಿಗಿದು, ಕೊನೆಗೆ ಬೆರಳೇ ಉದುರುತ್ತದೆ. ಹಾಸಿದ ಮರಳು ಹೊಟ್ಟೆ ಸೇರಿ ಕರುಳು ಕಟ್ಟುತ್ತದೆ. ಕಾವು ಸಾಲದಿದ್ದರೆ ತಿಂದದ್ದು ಅರಗುವುದಿಲ್ಲ. ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿ ಕರುಳು ಹೊಕ್ಕರೆ ಬಾಲದ ಕಣಜ ಬರಿದಾಗಿ ಕಡ್ಡಿಯಂತಾಗುತ್ತದೆ. ಇದನ್ನು ಖಚಿತವಾಗಿ ವಾಸಿ ಮಾಡುವ ಮದ್ದಿಲ್ಲ. ಹೊಸದಾಗಿ ತಂದ ಹಲ್ಲಿಯನ್ನು ಕೆಲಕಾಲ ಪ್ರತ್ಯೇಕ ಇಡುವುದೊಂದೇ ದಾರಿ.

ಹಲ್ಲಿ ನರಳುವುದಿಲ್ಲ, ಕೂಗುವುದಿಲ್ಲ. ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ಆದ್ದರಿಂದ ತಕ್ಕಡಿಯೇ ವೈದ್ಯನ ಮುಖ್ಯ ಸಾಕ್ಷಿ. ಕೆಲವೇ ಹತ್ತು ಗ್ರಾಂ ತೂಗುವ ಪ್ರಾಣಿಯಲ್ಲಿ ಐದಾರು ಗ್ರಾಂ ಇಳಿದರೂ ಅದು ಗಂಭೀರ ವಿಷಯ. 'ಹಲ್ಲಿಗೆ ಏನು ಬೇನೆ' ಎನ್ನುವ ಮುನ್ನ ಬಲ್ಲ ವೈದ್ಯ 'ಪೆಟ್ಟಿಗೆಯ ಕಾವೆಷ್ಟು, ತೇವವೆಷ್ಟು, ತಿನ್ನಿಸುವುದೇನು' ಎಂದು ಕೇಳುತ್ತಾನೆ. ಈ ವಿದ್ಯೆಗೆ ಸಂಘಟಿತ ರೂಪ ಬಂದದ್ದೂ ತಡವಾಗಿಯೇ. ಅಮೆರಿಕದಲ್ಲಿ ಸರೀಸೃಪ ಹಾಗೂ ಉಭಯವಾಸಿಗಳ ಪಶುವೈದ್ಯರ ಸಂಘ ಸ್ಥಾಪನೆಯಾದದ್ದು 1991ರಲ್ಲಿ.

ಬಣ್ಣದ ಬೆಲೆ

ಇಷ್ಟರಲ್ಲಿ ಇನ್ನೊಂದು ಬಗೆಯ ಕಾಯಿಲೆ ತಲೆಹಾಕಿತು. ಹಳದಿ ಮೈ, ಕಪ್ಪು ಚುಕ್ಕೆ ಸಾಲದೆ ಸಾಕಣೆದಾರರು ಹೊಸ ಹೊಸ ಬಣ್ಣದ ತಳಿಗಳನ್ನು ಹುಟ್ಟಿಸತೊಡಗಿದರು. 'ಎನಿಗ್ಮಾ' ಎಂಬ ತಳಿಯ ಹಲವು ಹಲ್ಲಿಗಳು ತಲೆ ಓರೆ ಮಾಡಿ ಸುತ್ತುತ್ತವೆ, ಎದುರಿನ ಹುಳುವನ್ನು ಹಿಡಿಯಲೂ ತಡಕಾಡುತ್ತವೆ. ಬೆಳ್ಳನೆಯ ಹೊಳಪಿನ 'ಲೆಮನ್ ಫ್ರಾಸ್ಟ್' ಇನ್ನೂ ಆಕರ್ಷಕವಾಗಿತ್ತು. ಆದರೆ ಅದರ ಬಿಳುಪಿಗೆ ಕಾರಣವಾದ ಚರ್ಮದ ಕೋಶಗಳೇ ಗಡ್ಡೆಗಳಾಗಿ ಬೆಳೆಯತೊಡಗಿದವು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯ ಲಾಂಗ್‌ಹ್ವಾ ಗುವೊ, ಲಿಯೊನಿಡ್ ಕ್ರುಗ್ಲ್ಯಾಕ್ ಮತ್ತು ಸಂಗಡಿಗರು 2021ರಲ್ಲಿ ಇದರ ಮೂಲವನ್ನು ಪ್ರಕಟಿಸಿದರು. ಈ ತಳಿಯ ಶೇ 80ಕ್ಕೂ ಹೆಚ್ಚು ಹಲ್ಲಿಗಳಲ್ಲಿ ಗಡ್ಡೆ ಕಾಣಿಸಿಕೊಂಡಿತ್ತು. ಬಣ್ಣದ ಜಾಡು ಹಿಡಿದು ಹೋದ ಸಂಶೋಧನೆ ತಲುಪಿದ್ದು 'ಸ್ಪಿಂಟ್-1' ಎಂಬ ಜೀನ್‌ಗೆ. ಮನುಷ್ಯರ ಚರ್ಮದ ಕ್ಯಾನ್ಸರ್ ಕುರಿತ ಅಧ್ಯಯನಗಳಲ್ಲೂ ಈ ಜೀನ್‌ನ ಹೆಸರು ಕೇಳಿಬಂದಿತ್ತು. ಹೀಗೆ ಹಲ್ಲಿಯ ಸಂಕಟದಿಂದ ಮನುಷ್ಯನಿಗೆ ಒಂದು ಸುಳಿವು ದೊರೆಯಿತು.

ಹಲ್ಲಿಗೆ ದೊರೆತದ್ದೇನು ಎಂಬ ಪ್ರಶ್ನೆ ಉಳಿದೇ ಇದೆ. ಕಾವು, ತೇವ, ಸುಣ್ಣದ ಕೊರತೆಯನ್ನು ವೈದ್ಯ ಸರಿಪಡಿಸಬಲ್ಲ. ಆದರೆ ಬಣ್ಣದ ಜತೆ ಹುಟ್ಟಿಬಂದ ಗಡ್ಡೆಯನ್ನು ಕತ್ತರಿಸಿದರೂ ಅದರ ಬೇರು ಪ್ರತಿ ಕೋಶದಲ್ಲಿ ಉಳಿಯುತ್ತದೆ. ಚೆನ್ನಾಗಿ ಸಾಕಿದ ಚಿರತೆ ಹಲ್ಲಿ 15-20 ವರ್ಷ ಬಾಳುವುದುಂಟು. ಅಷ್ಟು ವರ್ಷ ಅದು ಹೇಗೆ ಬಾಳೀತು ಎಂಬುದರ ಬಹುಪಾಲು ತೀರ್ಮಾನ ಆಸ್ಪತ್ರೆಯ ಬಾಗಿಲಿಗಿಂತ ಮೊದಲು, ಅಂಗಡಿಯಲ್ಲಿ ಬಣ್ಣ ನೋಡಿ ಕೈಚಾಚುವ ಕ್ಷಣದಲ್ಲೇ ಆಗಿಬಿಟ್ಟಿರುತ್ತದೆ.