ಗುಡ್ಡ ಜಮೀನಿಗೆ ಟ್ರ್ಯಾಕ್ಟರ್ ಆಯ್ಕೆ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳಲ್ಲಿ ಗುಡ್ಡದ ತೋಟವನ್ನು ನಡೆಸಿಕೊಂಡು ಹೋಗುವುದಕ್ಕೆ ಟ್ರ್ಯಾಕ್ಟರ್ ಬಳಕೆಯಲ್ಲಿದೆ. ಬಯಲುಸೀಮೆಯಲ್ಲಿ ಎಷ್ಟು ಎಕರೆ ಉಳಬೇಕು ಎಂಬ ಲೆಕ್ಕದಿಂದ ಟ್ರ್ಯಾಕ್ಟರ್‌ನ ಶಕ್ತಿಯನ್ನು ನಿರ್ಧರಿಸುವುದು ರೂಢಿ. ಈ ಭಾಗದಲ್ಲಿ ಆ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ಜಮೀನಿಗೆ ಇಳಿಯುವ ದಾರಿಯ ಅಗಲ, ಏರು ಎಷ್ಟು ಕಡಿದು ಎಂಬುದು, ಗಿಡಗಳ ಸಾಲಿನ ಅಂತರ ಮತ್ತು ಒದ್ದೆ ಮಣ್ಣಿನಲ್ಲಿ ಚಕ್ರಕ್ಕೆ ಸಿಗುವ ಹಿಡಿತ ಇವೇ ಇಲ್ಲಿ ಯಂತ್ರವನ್ನು ಆರಿಸುತ್ತವೆ.

ಪೂರ್ವದಲ್ಲಿ ಚಾರ್ಮಾಡಿ ಮತ್ತು ಕುದುರೆಮುಖದ ಶ್ರೇಣಿಗಳಿಂದ ಇಳಿಯುವ ನೆಲ ಪಶ್ಚಿಮಕ್ಕೆ ಬರುತ್ತ ಸಣ್ಣ ಸಣ್ಣ ಮುರಕಲ್ಲಿನ ಗುಡ್ಡಗಳಾಗಿ ಒಡೆದುಕೊಂಡಿದ್ದು, ನೇತ್ರಾವತಿ ಮತ್ತು ಫಲ್ಗುಣಿ ನದಿಗಳಿಗೆ ಸೇರುವ ಅಸಂಖ್ಯ ತೋಡುಗಳು ಈ ಗುಡ್ಡಗಳ ನಡುವೆ ಕಣಿವೆಗಳನ್ನು ಕೊರೆದಿವೆ. ಕಣಿವೆಯ ತಳದ ಗದ್ದೆಗೆ ಬೈಲು, ಅದಕ್ಕಿಂತ ಮೇಲಿನ ಹಂತಕ್ಕೆ ಮಜಲು, ಮಳೆನೀರನ್ನೇ ನೆಚ್ಚಿದ ಎತ್ತರದ ಗದ್ದೆಗೆ ಬೆಟ್ಟು ಎಂಬ ಹೆಸರುಗಳಿವೆ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸಿನ ಮಳೆ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುವುದರಿಂದ, ಬೇಸಿಗೆಯಲ್ಲಿ ಸಲೀಸಾಗಿ ಏರಿದ ಮಣ್ಣುದಾರಿಯನ್ನೇ ಆಷಾಢದಲ್ಲಿ ಏರಲಾಗುವುದಿಲ್ಲ. 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರು ಭೂಮಿಯ ಒಡೆಯರಾದ ಈ ಜಿಲ್ಲೆಯಲ್ಲಿ ಹಿಡುವಳಿಗಳು ಸಣ್ಣವು. ಒಬ್ಬರ ಜಮೀನು ಸಹ ಹಲವು ಮಟ್ಟಗಳಲ್ಲಿ ಹಂಚಿಹೋಗಿರುತ್ತದೆ.

ಆಯ್ಕೆಗೆ ಮೊದಲು ಮಣ್ಣು ಕಡಿಯುವ ಕೆಲಸವನ್ನೂ ಕೃಷಿಯ ನಿತ್ಯದ ಕೆಲಸವನ್ನೂ ಬೇರ್ಪಡಿಸಿಕೊಳ್ಳಬೇಕು. ಗುಡ್ಡವನ್ನು ತಟ್ಟು ಮಾಡುವುದು, ಎಂದರೆ ಇಳಿಜಾರನ್ನು ಮೆಟ್ಟಿಲುಗಳಂತೆ ಸಮತಟ್ಟುಗೊಳಿಸುವುದು, ಟ್ರ್ಯಾಕ್ಟರ್‌ನ ಕೆಲಸವಲ್ಲ. ಅದಕ್ಕೆ ಜೆಸಿಬಿ ಅಥವಾ ಹಿಟಾಚಿಯನ್ನು ಗಂಟೆಯ ಬಾಡಿಗೆಗೆ ತರಿಸುವುದೇ ಸರಿ. ಜೀವಮಾನದಲ್ಲಿ ಒಮ್ಮೆ ಆಗುವ ಆ ಕೆಲಸವನ್ನು ಮನಸ್ಸಿನಲ್ಲಿಟ್ಟು ದೊಡ್ಡ ಟ್ರ್ಯಾಕ್ಟರ್ ಕೊಂಡರೆ, ಮುಂದಿನ ವರ್ಷಗಳಲ್ಲಿ ಅದು ತೋಟದೊಳಗೆ ತಿರುಗಲಾರದೆ ಅಂಗಳದಲ್ಲೇ ಉಳಿಯುತ್ತದೆ. ಮುರಕಲ್ಲು ನೆಲದೊಳಗೆ ಇರುವಾಗ ಮೆದುವಾಗಿದ್ದು ಗಾಳಿ ಬಿಸಿಲಿಗೆ ತೆರೆದುಕೊಂಡ ಮೇಲೆ ಗಟ್ಟಿಯಾಗುವ ಕಲ್ಲು. ಅದರ ಮೇಲಿನ ಫಲವತ್ತಾದ ಮಣ್ಣಿನ ಪದರ ತೆಳುವಾಗಿರುವುದರಿಂದ, ತಟ್ಟು ಮಾಡುವಾಗ ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿಸಿ ಕೊನೆಗೆ ಮತ್ತೆ ಹರಡಿಸದಿದ್ದರೆ ಸಸಿಗೆ ಸಿಗುವುದು ಬರಿಯ ಮುರಕಲ್ಲು ಮಾತ್ರ. ಗುಡ್ಡ ಕಡಿದ ಬದಿಯನ್ನು, ಎಂದರೆ ಬರೆಯನ್ನು, ನೆಟ್ಟಗೆ ಬಿಡುವುದೂ ಅಪಾಯಕರ. 2019ರ ಆಗಸ್ಟ್‌ನ ಮಳೆಯಲ್ಲಿ ಬೆಳ್ತಂಗಡಿಯ ಚಾರ್ಮಾಡಿ ಮತ್ತು ದಿಡುಪೆಯ ಕಡೆ ಗುಡ್ಡಗಳು ಜರಿದು ತೋಟ ಗದ್ದೆಗಳ ಮೇಲೆ ಮಣ್ಣು ಮರಳು ತುಂಬಿದ್ದನ್ನು ಕಂಡ ಊರುಗಳಲ್ಲಿ ಈ ಮಾತಿಗೆ ಹೆಚ್ಚಿನ ವಿವರಣೆ ಬೇಡ. ಮನೆಯ ಹಿಂದಿನ ಗುಡ್ಡ ಕುಮ್ಕಿಯಾಗಿದ್ದರೆ, ಎಂದರೆ ಸೊಪ್ಪು ಸೌದೆಯಂಥ ಸವಲತ್ತು ಮಾತ್ರ ಇರುವ ಸರಕಾರಿ ಭೂಮಿಯಾಗಿದ್ದರೆ, ಅಲ್ಲಿ ದಾರಿ ಕಡಿಸುವ ಮುನ್ನ ಕಂದಾಯ ದಾಖಲೆ ನೋಡಿಕೊಳ್ಳುವುದು ಅಗತ್ಯ.

ಅಗಲದ ಪ್ರಶ್ನೆಯನ್ನು ಅಡಿಕೆಯೇ ನಿರ್ಧರಿಸುತ್ತದೆ. ಬಂಟ್ವಾಳ ತಾಲ್ಲೂಕಿನ ವಿಟ್ಲದಲ್ಲಿ 1956ರಲ್ಲಿ ಆರಂಭವಾದ ಅಡಿಕೆ ಸಂಶೋಧನಾ ಕೇಂದ್ರ ಈಗ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಾಗಿದ್ದು, ಅಡಿಕೆಗೆ ಶಿಫಾರಸಾಗಿರುವ ಅಂತರ ಸಾಲಿನಿಂದ ಸಾಲಿಗೂ ಗಿಡದಿಂದ ಗಿಡಕ್ಕೂ 2.7 ಮೀಟರ್, ಎಂದರೆ ಸುಮಾರು 9 ಅಡಿ. ಕಾಗದದ ಮೇಲೆ ಇದು ಸಾಕಷ್ಟು ಜಾಗವೆನಿಸಿದರೂ, ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ನೀರಾವರಿಯ ಪೈಪು, ಬಸಿಗಾಲುವೆಯಾದ ಕಣಿ ಇವೆಲ್ಲ ಕಳೆದು ಉಳಿಯುವುದು ಕೆಲವೇ ಅಡಿ. ಸುಮಾರು 1.7 ಮೀಟರ್ ಅಗಲದ 45 ಅಶ್ವಶಕ್ತಿಯ ಸಾಮಾನ್ಯ ಟ್ರ್ಯಾಕ್ಟರ್ ಇಲ್ಲಿ ಹೊಕ್ಕರೂ ಬಳ್ಳಿಯನ್ನು ಗಾಯಗೊಳಿಸದೆ ಹೊರಬರುವುದು ಕಷ್ಟ. ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಅಗಲವಿರುವ, 18ರಿಂದ 28 ಅಶ್ವಶಕ್ತಿಯ ಕಿರುಟ್ರ್ಯಾಕ್ಟರ್‌ಗಳು ಇದಕ್ಕೆ ಹೊಂದುತ್ತವೆ. ಮಹೀಂದ್ರ ಜೀವೊ 245, ಕುಬೋಟ ನಿಯೋಸ್ಟಾರ್ ಮೊದಲಾದವು ಈ ವರ್ಗದವು. ಉಪಬೆಳೆಯಾಗಿ ಕೊಕ್ಕೊ ಇಡುವಾಗ ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ, 2.7 x 5.4 ಮೀಟರ್ ಅಂತರದಲ್ಲಿ ನೆಡುವ ಶಿಫಾರಸು ಇದ್ದು, ಹಾಗೆ ಮಾಡಿದಲ್ಲಿ ಖಾಲಿ ಉಳಿದ ಸಾಲೇ ಟ್ರ್ಯಾಕ್ಟರ್‌ನ ದಾರಿಯಾಗುತ್ತದೆ. ತೋಡಿಗೆ ಅಡ್ಡಲಾಗಿರುವ ಸಂಕದ, ಎಂದರೆ ಕಿರುಸೇತುವೆಯ, ಅಗಲವನ್ನೂ ಬಲವನ್ನೂ ಅಳೆಯದೆ ಯಂತ್ರ ಕೊಂಡವರು ಆಮೇಲೆ ಸಂಕ ಕಟ್ಟಿಸಬೇಕಾಗುತ್ತದೆ.

ಶಕ್ತಿಗಿಂತ ಹಿಡಿತ ಮುಖ್ಯವೆಂಬುದು ಒಂದು ಸ್ಥೂಲ ಲೆಕ್ಕದಿಂದ ಸ್ಪಷ್ಟವಾಗುತ್ತದೆ. 800 ಕಿಲೋ ತೂಕದ ಟ್ರ್ಯಾಕ್ಟರ್ ಗೊಬ್ಬರ ತುಂಬಿದ 1,000 ಕಿಲೋ ಟ್ರೇಲರನ್ನು ಎಳೆದುಕೊಂಡು ಶೇಕಡ 10ರ ಏರನ್ನು, ಎಂದರೆ 10 ಮೀಟರಿಗೆ 1 ಮೀಟರ್ ಏರುವ ದಾರಿಯನ್ನು ಹತ್ತುತ್ತಿದೆ ಎಂದುಕೊಂಡರೆ, ಏರಿಗೆ 180 ಕಿಲೋ, ಮೆದು ಮಣ್ಣಿನ ತಡೆಗೆ ಸುಮಾರು 140 ಕಿಲೋ, ಒಟ್ಟು 320 ಕಿಲೋ ಎಳೆತ ಬೇಕು. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಚಕ್ರದ ಬಳಿ ಇದಕ್ಕೆ ತಗಲುವುದು 6 ಅಶ್ವಶಕ್ತಿ ಮಾತ್ರ. 18 ಅಶ್ವಶಕ್ತಿಯ ಎಂಜಿನ್‌ಗೆ ಇದು ಭಾರವಲ್ಲ. ಆದರೆ ಒದ್ದೆ ಮಣ್ಣಿನಲ್ಲಿ ಚಕ್ರವು ತನ್ನ ಮೇಲಿನ ಭಾರದ ಅರ್ಧದಷ್ಟು ಎಳೆದರೂ ಹೆಚ್ಚು. ಹಿಂದಿನ ಎರಡು ಚಕ್ರ ಮಾತ್ರ ಎಳೆಯುವ ಯಂತ್ರದಲ್ಲಿ ಅವುಗಳ ಮೇಲಿರುವುದು ಹೆಚ್ಚೆಂದರೆ 530 ಕಿಲೋ, ಸಿಗುವ ಎಳೆತ 265 ಕಿಲೋ, ಚಕ್ರ ಜಾರುತ್ತದೆ. ನಾಲ್ಕೂ ಚಕ್ರ ಎಳೆದರೆ 400 ಕಿಲೋ ಸಿಗುತ್ತದೆ, ಬಂಡಿ ಏರುತ್ತದೆ. ಆದ್ದರಿಂದ ಈ ಪ್ರದೇಶದಲ್ಲಿ ಫೋರ್ ವೀಲ್ ಡ್ರೈವ್‌ಗೆ ಕೊಡುವ ಹೆಚ್ಚುವರಿ ಹಣ, ಹೆಚ್ಚಿನ ಅಶ್ವಶಕ್ತಿಗೆ ಕೊಡುವ ಹಣಕ್ಕಿಂತ ಸಾರ್ಥಕ. ಒಂದು ಚಕ್ರ ಕೆಸರಿನಲ್ಲಿ ಸುಮ್ಮನೆ ತಿರುಗಿದಾಗ ಎರಡನ್ನೂ ಒಟ್ಟಿಗೆ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಕೂಡ ಇರಲೇಬೇಕಾದದ್ದು.

ಇಳಿಜಾರಿನಲ್ಲಿ ಪ್ರಾಣಾಪಾಯ ತರುವುದು ಟ್ರ್ಯಾಕ್ಟರ್ ಮಗುಚುವುದು. ಇಳಿಜಾರು ಎಷ್ಟು ಕಡಿದೆಂದು ಕಣ್ಣಂದಾಜಿನಲ್ಲಿ ಹೇಳದೆ, ಗಾರೆಯವರು ಬಳಸುವ ನೀರಿನ ಟ್ಯೂಬಿನಿಂದ 10 ಮೀಟರಿಗೆ ಎಷ್ಟು ತಗ್ಗು ಎಂದು ಅಳೆಯಬಹುದು. ಒಂದೂವರೆ ಮೀಟರ್ ಬಂದರೆ ಅದು ಶೇಕಡ 15ರ ಇಳಿಜಾರು, ಅದಕ್ಕಿಂತ ಕಡಿದಾದಲ್ಲಿ ಅಡ್ಡಕ್ಕೆ ಓಡಿಸದಿರುವುದು ಕ್ಷೇಮ. ಚಾಲಕನ ಹಿಂದೆ ನಿಲ್ಲುವ ಉಕ್ಕಿನ ರಕ್ಷಣಾ ಚೌಕಟ್ಟು ಮತ್ತು ಸೀಟ್ ಬೆಲ್ಟ್, ಒದ್ದೆಯಾದರೂ ಹಿಡಿತ ಬಿಡದ ಎಣ್ಣೆಯಲ್ಲಿ ಮುಳುಗಿದ ಬ್ರೇಕ್, ಬಹಳ ನಿಧಾನದ ಗೇರ್ ಇವು ಬೆಲೆಯ ಚೌಕಾಸಿಯಲ್ಲಿ ಬಿಟ್ಟುಕೊಡುವಂಥವಲ್ಲ. ಎಡ ಬಲ ಬ್ರೇಕ್ ಪೆಡಲ್‌ಗಳನ್ನು ಗುಡ್ಡದ ದಾರಿಯಲ್ಲಿ ಒಟ್ಟಿಗೆ ಕೊಂಡಿ ಹಾಕಿರಬೇಕು, ಇಳಿಯುವಾಗ ನ್ಯೂಟ್ರಲ್‌ಗೆ ಹಾಕಲೇಬಾರದು.

ಉಪಕರಣಗಳಲ್ಲಿ ಹೆಚ್ಚು ಬಳಕೆಯಾಗುವವು ಟ್ರೇಲರ್, ಹುಲ್ಲು ಕತ್ತರಿಸುವ ಯಂತ್ರ ಮತ್ತು ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಸಿಂಪಡಿಸುವ ಪಂಪು. ಎಂಜಿನ್‌ನ ತಿರುಗುಬಲವನ್ನು ಉಪಕರಣಕ್ಕೆ ಒದಗಿಸುವ ಪಿ.ಟಿ.ಒ. ದಂಡದ ವೇಗ ಕೊನೆಯ ಎರಡಕ್ಕೆ ಹೊಂದಬೇಕು. ಗುಂಡಿ ತೋಡುವ ಆಗರ್ ಮಣ್ಣಿನಲ್ಲಿ ಚೆನ್ನಾಗಿ ಇಳಿದರೂ ಗಟ್ಟಿ ಮುರಕಲ್ಲಿನಲ್ಲಿ ನಿಂತುಬಿಡುತ್ತದೆ. ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಹರಡುವುದರಿಂದ ಬೆಳೆದ ತೋಟದಲ್ಲಿ ರೋಟವೇಟರನ್ನು ಆಳಕ್ಕೆ ಇಳಿಸುವುದು ಹಾನಿ.

ಬೈಲಿನ ಕಿರುಗದ್ದೆಗಳಿಗೆ ಇಂದಿಗೂ ಪವರ್ ಟಿಲ್ಲರ್ ಯೋಗ್ಯವಾದುದು, ಬೆಂಗಳೂರಿನ ವಿ.ಎಸ್.ಟಿ. ಮತ್ತು ಕೇರಳದ ಕಾಮ್ಕೋ ಟಿಲ್ಲರ್‌ಗಳು ಕರಾವಳಿಗೆ ಚಿರಪರಿಚಿತ. ಎರಡು ಮೂರು ಎಕರೆಯ ಹಿಡುವಳಿದಾರರಿಗೆ ಸ್ವಂತ ಟ್ರ್ಯಾಕ್ಟರ್‌ಗಿಂತ ಬಾಡಿಗೆಯೇ ಹಿತ. 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು ರಾಜ್ಯ ಸರಕಾರದ ಕೃಷಿ ಯಂತ್ರಧಾರೆಯಡಿ ಬಾಡಿಗೆ ಕೇಂದ್ರಗಳನ್ನು ನಡೆಸಿದ್ದು, ಕೊಳ್ಳುವವರಿಗೆ ಸಹಾಯಧನದ ಅರ್ಜಿಯನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರ ಸ್ವೀಕರಿಸುತ್ತದೆ. ಬಾಡಿಗೆಗೆ ತಂದ ಯಂತ್ರವನ್ನು ಒಂದು ಮಳೆಗಾಲ ತನ್ನದೇ ಏರಿನಲ್ಲಿ ಓಡಿಸಿ ನೋಡಿದ ರೈತನಿಗೆ, ಕೊಳ್ಳುವ ಹೊತ್ತಿಗೆ ಯಾವ ಅಗಲ, ಯಾವ ಚಕ್ರ, ಎಷ್ಟು ಶಕ್ತಿ ಬೇಕೆಂಬುದು ಅಂಗಡಿಯವರಿಗಿಂತ ಚೆನ್ನಾಗಿ ತಿಳಿದಿರುತ್ತದೆ.