ಲೆಗ್ ಗಾರ್ಡು, ಸೀರಿ ಗಾರ್ಡು: ಯಾವ ಕಬ್ಬಿಣ ಯಾರನ್ನ ಕಾಯ್ತದ?

ನಮ್ಮ ಓಣ್ಯಾಗ ಈಗ ಹೆಚ್ಚುಕಡಿಮಿ ಎಲ್ಲಾರ ಮನಿ ಮುಂದೂ ಒಂದ ಮೋಟರ್ ಸೈಕಲ್ ನಿಂತಿರ್ತದ. ಅದರ ಎಂಜಿನ್ನಿನ ಆಚೀಚಿ ಚಾಚಿಕೊಂಡಿರೋ ಪೈಪಿಗೆ ಲೆಗ್ ಗಾರ್ಡ್ ಅಂತೀವಿ. ಹಿಂದಿನ ಗಾಲಿ ಬಾಜೂಕ ಜಾಳಿಗಿ ಥರಾ ಇರೋದಕ್ಕ ಸೀರಿ ಗಾರ್ಡ್ ಅಂತೀವಿ. ಹೆಸರು ಕೇಳಿದ್ರ ಒಂದು ಕಾಲು ಕಾಯ್ತದ, ಇನ್ನೊಂದು ಸೀರಿ ಕಾಯ್ತದ ಅನಸ್ತದ. ಆದ್ರ ಲೆಗ್ ಗಾರ್ಡ್ ಕಾಯೋದು ಕಾಲಿಗಿಂತ ಹೆಚ್ಚು ಗಾಡೀನ, ಸೀರಿ ಗಾರ್ಡ್ ಕಾಯೋದು ಸೀರಿಗಿಂತ ಹೆಚ್ಚು ಜೀವಾನ. ಇದು ಗೊತ್ತಿದ್ರ ಅಂಗಡ್ಯಾಗ ರೊಕ್ಕ ಎಲ್ಲಿ ಹಾಕಬೇಕು, ಎಲ್ಲಿ ಉಳಸಬೇಕು ಅನ್ನೋದು ತಾನ ತಿಳೀತದ. ಅದಕ್ಕ ಇವತ್ತ ಈ ಎರಡು ಕಬ್ಬಿಣದ ಇತಿಹಾಸ ಹೇಳ್ತೀನಿ. ಹಿಂದಿನ ಗಾಲೀದು ಮೊದಲ ಹೇಳ್ತೀನಿ, ಯಾಕಂದ್ರ ವಯಸ್ಸಿನಾಗ ಅದ ದೊಡ್ಡದು.

1885ರಾಗ ಇಂಗ್ಲಂಡಿನ ಜಾನ್ ಕೆಂಪ್ ಸ್ಟಾರ್ಲಿ ಅನ್ನಾಂವ 'ರೋವರ್' ಅನ್ನೋ ಸೈಕಲ್ ಮಾಡಿದ. ಅದಕ್ಕ ಮುಂಚೆ ಇದ್ದದ್ದು ಮುಂದಿನ ಗಾಲಿ ಆಳೆತ್ತರ, ಹಿಂದಿಂದು ಗೇಣುದ್ದ ಇರೋ ಸೈಕಲ್. ಉದ್ದ ಲಂಗಾ ಉಟ್ಟ ಹೆಣ್ಣಮಕ್ಕಳು ಅದನ್ನ ಹತ್ತೋ ಮಾತ ಇರಲಿಲ್ಲ. ರೋವರಿನ ಎರಡೂ ಗಾಲಿ ಹೆಚ್ಚುಕಡಿಮಿ ಒಂದ ಅಳತಿ, ಚೈನ್ ಹಿಂದಿನ ಗಾಲಿಗೆ. ಈಗ ಹೆಣ್ಣಮಕ್ಕಳೂ ಸೈಕಲ್ ಹತ್ತಿದ್ರು. ಹತ್ತಿದ ಮ್ಯಾಲೆ ಹೊಸಾ ತ್ರಾಸು ಸುರು ಆತು: ಲಂಗದ ಅಂಚು ಚೈನಿನಾಗ, ಗಾಲಿ ಕಡ್ಡ್ಯಾಗ ಸಿಗ್ತಿತ್ತು. ಅದಕ್ಕ 1890ರ ಸುಮಾರಿನ ಲೇಡೀಸ್ ಸೈಕಲ್ಲಿಗೆ ಚೈನ್ ಮುಚ್ಚೋ ಡಬ್ಬಿ ಬಂತು. ಹಿಂದಿನ ಮಡಗಾರ್ಡಿನಿಂದ ಗಾಲಿ ನಡುವಿನ ತನಕಾ ದಾರ ಎಳದು ಎಳದು ಜಾಳಿಗಿ ಹೆಣದ್ರು. ಅದಕ್ಕ 'ಡ್ರೆಸ್ ಗಾರ್ಡ್' ಅಂದ್ರು. ನಮ್ಮ ಸೀರಿ ಗಾರ್ಡಿನ ಮುತ್ತಜ್ಜಿ ಅಂದ್ರ ಈ ದಾರದ ಜಾಳಿಗಿನ.

ಅರಿವಿ ಗಾಲ್ಯಾಗ ಸಿಕ್ಕರ ಬರೇ ಅರಿವಿ ಹರೀತದ ಅಂತ ತಿಳ್ಕೊಂಡೋರಿಗೆ ಇನ್ನೊಂದು ಹೇಳಬೇಕು. ಇಸಾಡೋರಾ ಡಂಕನ್ ಅಂತ ಜಗತ್ಪ್ರಸಿದ್ಧ ನೃತ್ಯಗಾರ್ತಿ ಇದ್ಳು. 1927ರ ಸೆಪ್ಟೆಂಬರ್ 14ಕ್ಕ ಫ್ರಾನ್ಸಿನ ನೀಸ್ ಊರಾಗ ತೆರೆದ ಕಾರಿನ್ಯಾಗ ಕೂತು ಹೊಂಟಿದ್ಳು. ಕೊರಳಾಗಿನ ಉದ್ದನ್ನ ರೇಷ್ಮಿ ಶಾಲು ಗಾಲಿಗೆ ಸುತ್ತಿಕೊಂಡು ಆಕಿ ಜೀವಾನ ಹೋತು. ನಮ್ಮ ಕಡೆ ಹುಡುಗ್ಯಾರ ಓಢಣಿ ಬೈಕಿನ ಗಾಲ್ಯಾಗ ಸಿಕ್ಕಾಗ ಆಗೋದೂ ಇದ. ಗಾಲಿ ಒಂದು ಸುತ್ತು ತಿರುಗೋದು ಕಣ್ಣು ಪಿಳಕಿಸೋದ್ರಾಗ, ಅಷ್ಟರಾಗ ಬ್ರೇಕ್ ಹಾಕಲಿಕ್ಕೆ ಯಾರ ಕೈಲೆ ಆಗ್ತದ?

ಇನ್ನ ಮೋಟರ್ ಸೈಕಲ್ಲಿಗೆ ಬರೋಣು. ಬುಲೆಟ್ ಗಾಡಿ ಮಾಡಿದ ರಾಯಲ್ ಎನ್‌ಫೀಲ್ಡ್ ಕಂಪನಿ ಮೂಲ ಎಲ್ಲಿ ಅದ ಗೊತ್ತೇನ್ರಿ? ಹೊಲಿಯೋ ಸೂಜ್ಯಾಗ! ಇಂಗ್ಲಂಡಿನ ರೆಡಿಚ್ ಅನ್ನೋದು ಸೂಜಿಗೆ ಹೆಸರಾದ ಊರು. ಅಲ್ಲಿ ಹತ್ರ 1851ರಾಗ ಸುರು ಆದ ಜಾರ್ಜ್ ಟೌನ್‌ಸೆಂಡ್‌ನ ಸೂಜಿ ಕಾರಖಾನಿನ ಮುಂದ ಸೈಕಲ್ ಮಾಡ್ತು, 1901ರಾಗ ಮೋಟರ್ ಸೈಕಲ್ ಮಾಡ್ತು. ನಮ್ಮ ದೇಶದಾಗ 1955ರಾಗ ಮದ್ರಾಸ್ ಮೋಟರ್ಸ್ ಜೋಡಿ ಸೇರಿ ಎನ್‌ಫೀಲ್ಡ್ ಇಂಡಿಯಾ ಆತು, ಮದ್ರಾಸಿನ್ಯಾಗ ಬುಲೆಟ್ ಜೋಡಸಲಿಕ್ಕೆ ಹತ್ತಿದ್ರು. ನಮ್ಮ ರಾಜ್ಯದಾಗ 1961ರಾಗ ಮೈಸೂರಿನ ಐಡಿಯಲ್ ಜಾವಾ ಕಾರಖಾನಿ ಉದ್ಘಾಟನಾ ಆತು, ಮಾಡಿದವರು ಜಯಚಾಮರಾಜ ಒಡೆಯರು. ಅಲ್ಲೇ ಮುಂದ ಯೆಜ್ಡಿ ಹುಟ್ಟಿತು. 1996ರಾಗ ಆ ಕಾರಖಾನಿ ಮುಚ್ಚಿತು.

ಬುಲೆಟ್ ಅಂದ್ರ ಒಂದೂವರಿ ಕ್ವಿಂಟಲ್ಲಿಗಿಂತ ಭಾರದ ಗಾಡಿ. ನಮ್ಮ ದೊಡ್ಡಪ್ಪಗ ಒಂದು ಇತ್ತು. ಅದರ ಲೆಗ್ ಗಾರ್ಡ್ ನಾವು ಸಣ್ಣವರಿದ್ದಾಗ ಹಿಡಕೊಂಡು ಜೋತಾಡೋ ಅಷ್ಟು ಗಟ್ಟಿ. ಅಂಥಾ ಗಾಡಿ ನಿಂತಲ್ಲೇ ವಾಲಿದ್ರೂ ಕಾಲು ಅಡ್ಯಾಗ ಸಿಗ್ತದ. ಪೈಪು ಮೊದಲ ನೆಲಕ್ಕ ತಾಗಿದ್ರ ಗಾಡಿ ಪೂರಾ ಮಲಗಂಗಿಲ್ಲ, ನಡುವ ಸಂದಿ ಉಳೀತದ, ಕಾಲು ಹೊರಗ ತಕ್ಕೋಬಹುದು. ಕ್ಲಚ್ಚು, ಬ್ರೇಕಿನ ಲಿವರು, ಎಂಜಿನ್ ಡಬ್ಬಿ ಮುರಿಯಂಗಿಲ್ಲ. ಇದಿಷ್ಟು ಅದರ ಪುಣ್ಯಾ, ಸಣ್ಣ ಪುಣ್ಯಾ ಏನಲ್ಲ.

ಸ್ಕೂಟರಿನ ಮುಂದ ಕಾಲಿಗೆ ಅಡ್ಡ ಇರೋ ತಗಡೂ ಗಾರ್ಡ ಅಲ್ಲೇನು ಅಂತ ಕೇಳಬಹುದು. 1946ರಾಗ ಇಟಲಿಯ ಕೊರಾಡಿನೋ ದಸ್ಕಾನಿಯೋ ವೆಸ್ಪಾ ರೂಪಿಸಿದಾಗ ಆ ತಗಡು ಇಟ್ಟಿದ್ದು ರಸ್ತಾದ ರಾಡಿ, ಧೂಳು ಅರಿವಿಗೆ ಹಾರಬಾರದು ಅಂತ. ಎಂಜಿನ್ನೂ ಮುಚ್ಚಿಟ್ಟ, ಎಣ್ಣಿ ಹತ್ತಬಾರದು ಅಂತ. ಡಿಕ್ಕಿ ಸಲುವಾಗಿ ಅಲ್ಲ.

1985ರ ಹೊತ್ತಿಗೆ ಹೀರೋ ಹೋಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100ರಂಥಾ ಹಗುರ ಗಾಡಿ ಬಂದ್ವು. ಸಾಲಾ ಮಾಡಿ ಆದ್ರೂ ಮನಿಗೊಂದು ಗಾಡಿ ಅನ್ನೋ ಕಾಲ ಬಂತು. ಗಾಡಿ ಜೋಡಿ ಸಾಮಾನೂ ಬಂತು: ಸೀಟ್ ಕವರ್, ಲೆಗ್ ಗಾರ್ಡ್, ಸೈಡ್ ಬಾಕ್ಸ್. ಕಂಪನಿ ಮಾಡೋದ ಬ್ಯಾರೆ, ಹೊರಗ ಪೈಪ್ ಬಗ್ಗಿಸಿ ವೆಲ್ಡಿಂಗ್ ಮಾಡಿ ಕ್ರೋಮ್ ಹಚ್ಚಿ ಮಾರೋದ ಬ್ಯಾರೆ. ಬುಲೆಟ್ಟಿಗಂತೂ ಆಕಾರ ನೋಡಿ ಬಟರ್‌ಫ್ಲೈ, ಏರೋಪ್ಲೇನ್ ಅಂತ ಹೆಸರು ಇಟ್ಟು ಮಾರತಾರ. ಕಾಯೋ ಸಾಮಾನು ಹಿಂಗ ನಿಧಾನಕ್ಕ ಶೃಂಗಾರದ ಸಾಮಾನು ಆತು.

ಇದಕ್ಕ ಸ್ವಲ್ಪ ಮುಂಚೆ, 1981ರಾಗ, ಅಮೆರಿಕಾದಾಗ ಒಂದು ದೊಡ್ಡ ವರದಿ ಬಂದಿತ್ತು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಅನ್ನೋರು ತಮ್ಮ ತಂಡ ಕಟ್ಟಿಕೊಂಡು ಲಾಸ್ ಏಂಜಲೀಸ್ ಕಡೆ ಸುಮಾರು 900 ಮೋಟರ್ ಸೈಕಲ್ ಅಪಘಾತ ಒಂದೊಂದಾಗಿ ಪರೀಕ್ಷಾ ಮಾಡಿದ್ರು, 3,600 ಪೊಲೀಸ್ ರಿಪೋರ್ಟ್ ಓದಿದ್ರು. ಕ್ರ್ಯಾಶ್ ಬಾರ್ ಬಗ್ಗೆ ಅವರು ಕಂಡುಕೊಂಡದ್ದು ಇಷ್ಟ: ಅದರಿಂದ ಪಾದ, ಹಿಮ್ಮಡದ ಪೆಟ್ಟು ಕಡಿಮಿ ಆಗ್ತದ, ಆದ್ರ ಮೊಣಕಾಲು, ತೊಡಿ, ಕೆಳಗಾಲಿನ ಪೆಟ್ಟು ಅಷ್ಟ ಹೆಚ್ಚಾಗ್ತದ. ಇಲ್ಲಿ ಉಳಿದದ್ದು ಅಲ್ಲಿ ಹೋತು, ಲೆಕ್ಕ ಸರಿಸಮ. ತಲಿ ಪೆಟ್ಟು ತಪ್ಪಸೋದ್ರಾಗ ಮಾತ್ರ ಹೆಲ್ಮೆಟ್ಟಿನಂಥಾದ್ದು ಇನ್ನೊಂದಿಲ್ಲ ಅಂತ ಅದ ವರದಿ ಹೇಳ್ತು. ಬ್ರಿಟನ್ನಿನ ಸರ್ಕಾರಿ ರಸ್ತೆ ಪ್ರಯೋಗಾಲಯದವರೂ 1980ರ ದಶಕದಾಗ ಕಾಲು ಕಾಯೋ ದೊಡ್ಡ ಕವಚ ಮಾಡಿ ನೋಡಿದ್ರು. ಕಾಲು ಉಳಿಸಲಿಕ್ಕೆ ಹೋಗಿ ತಲಿಗೆ ಅಪಾಯ ತರ್ತದ ಅಂತ ಗಾಡಿ ಕಂಪನಿಯವರು, ಓಡಸೋರು ವಿರೋಧ ಮಾಡಿದ್ರು. ಕಾಯ್ದೆ ಆಗಲೇ ಇಲ್ಲ.

ಯಾಕ ಹಂಗ ಅಂದ್ರ, ಜೋರಾಗಿ ಹೋಗೋವಾಗ ಡಿಕ್ಕಿ ಆದ್ರ ಕಾಲು ಇದ್ದಲ್ಲೇ ಇರಂಗಿಲ್ಲ. ಮೈ ಮುಂದಕ್ಕ ಹಾರ್ತದ, ಅದ ಪೈಪಿಗೆ ಮೊಣಕಾಲು ಬಡೀತದ. ನಿಂತಾಗ, ಸಾವಕಾಶ ಹೋಗೋವಾಗ, ಮಳ್ಯಾಗ ಜಾರಿ ಬಿದ್ದಾಗ ಉಪಯೋಗ ಅದ. ಹೈವೇದಾಗ ಲಾರಿ ಬಡದ್ರ ಇಲ್ಲ. ಲೆಗ್ ಗಾರ್ಡ್ ಹಾಕೇನಿ, ಏನೂ ಆಗಂಗಿಲ್ಲ ಅಂತ ಜೋರು ಹೊಡಿಯೋ ಹುಡುಗರಿಗೆ ಈ ಮಾತು ಮೊದಲ ಹೇಳಬೇಕು.

ಹಂಗಂತ ಬ್ಯಾಡ ಅಂತ ನಾ ಹೇಳಂಗಿಲ್ಲ. ಹೋದ ವರ್ಷ ನಮ್ಮ ಮಗಾ ಸೆಕೆಂಡ್ ಹ್ಯಾಂಡ್ ಗಾಡಿ ತಂದಾಗ ನಾನೂ ಅಂವನ ಜೋಡಿ ಅಂಗಡಿ ತಿರಗಿದೆ. ಶೋರೂಮಿನವರು 2,800 ರೂಪಾಯಿ ಹೇಳಿದ್ರು. ಸಾಮಾನಿನ ಅಂಗಡ್ಯಾಗ ಅದ ಆಕಾರದ್ದು 1,100ಕ್ಕ ಸಿಕ್ಕಿತು, 600ರದ್ದೂ ಇತ್ತು. ಬದನಿಕಾಯಿ ಆರಿಸಿದಂಗ ಒಂದೊಂದಾಗಿ ಕೈಯಾಗ ಹಿಡದು ನೋಡಿದ್ವಿ. ಸಸ್ತಾ ತಗೊಂಡ್ರೂ ಇವಿಷ್ಟು ನೋಡ್ರಿ.

ಮೊದಲನೇದು, ಬೋಲ್ಟ್ ಎಲ್ಲಿ ಕೂಡ್ತದ. ಗಾಡಿಯ ಚೌಕಟ್ಟಿಗೆ, ಅಂದ್ರ ಫ್ರೇಮಿಗೆ ಕೂಡಬೇಕು. ಎಂಜಿನ್ ಡಬ್ಬಿಗೆ ಕೂಡೋದಿದ್ರ, ಪೆಟ್ಟು ಬಿದ್ದಾಗ ಪೈಪು ಉಳದು ಎಂಜಿನ್ ಸೀಳ್ತದ. ಸಾವಿರ ಉಳಸಲಿಕ್ಕೆ ಹೋಗಿ ಹತ್ತು ಸಾವಿರ ಕಳಕೊಂಡಂಗ.

ಎರಡನೇದು, ಅದ ಮಾಡೆಲ್ಲಿಗೆ ಮಾಡಿದ್ದ ಇರಬೇಕು. "ತೂತು ಹೊಡದು ಕೂಡಸ್ತೀವಿ ಅಕ್ಕಾರ" ಅಂದ್ರ ಬ್ಯಾಡ ಅನ್ರಿ. ಫ್ರೇಮಿಗೆ ಹೊಸಾ ತೂತು ಅಂದ್ರ ಹೊಸಾ ಸೀಳಿಗೆ ದಾರಿ.

ಮೂರನೇದು, ವೆಲ್ಡಿಂಗ್. ಜೋಡಣಿ ಸುತ್ತಲೂ ಪೂರ್ತಿ ಇರಬೇಕು, ಅಲ್ಲೊಂದು ಇಲ್ಲೊಂದು ಚುಕ್ಕಿ ಹಾಕಿರಬಾರದು. ಪೈಪಿನ ಬಾಯಿ ಮುಚ್ಚಿರಬೇಕು, ಇಲ್ಲಂದ್ರ ಮಳಿ ನೀರು ಒಳಗ ಹೋಗಿ ತುಕ್ಕು ತಿಂತದ. 600ರದ್ದು ನಾವು ಬಿಟ್ಟಿದ್ದು ಇದಕ್ಕ.

ನಾಲ್ಕನೇದು, ಸ್ಟೀಲ್ ಅಂತ ಹೆಚ್ಚು ರೊಕ್ಕ ಕೇಳಿದ್ರ ಮ್ಯಾಗ್ನೆಟ್ ಹಚ್ಚಿ ನೋಡ್ರಿ. ಒಳ್ಳೆ ಸ್ಟೇನ್‌ಲೆಸ್ ಸ್ಟೀಲಿಗೆ ಅದು ಗಟ್ಟಿ ಹಿಡಿಯಂಗಿಲ್ಲ, ಕ್ರೋಮ್ ಹಚ್ಚಿದ ಕಬ್ಬಿಣಕ್ಕ ಟಪ್ಪಂತ ಹಿಡೀತದ. ಕಬ್ಬಿಣ ಕೆಟ್ಟದ್ದಲ್ಲ, ಕಬ್ಬಿಣಕ್ಕ ಸ್ಟೀಲಿನ ರೇಟ್ ಕೊಡಬ್ಯಾಡ್ರಿ ಅಷ್ಟ. ಹಳೇದು ತಗೊಳ್ಳೋದಿದ್ರ ಬಾಗಿಸಿ ಮತ್ತ ನೆಟ್ಟಗ ಮಾಡಿದ್ದು ಬ್ಯಾಡ. ಒಮ್ಮೆ ಬಾಗಿದ ಪೈಪು ಅಲ್ಲೇ ಮತ್ತ ಬಾಗ್ತದ.

ಐದನೇದು, ಅಗಲ. ಹ್ಯಾಂಡಲ್ಲಿಗಿಂತ ಹೊರಗ ಚಾಚಿದ್ರ ಸಂದ್ಯಾಗ ಹೋಗೋವಾಗ ಮಂದಿ ಕಾಲಿಗೆ, ಆಟೋಕ್ಕ ತಾಗ್ತದ. ಹಾಕಿಸಿದ ಮ್ಯಾಲೆ ಹ್ಯಾಂಡಲ್ ಎರಡೂ ಕಡೆ ಪೂರಾ ತಿರಗಿಸಿ ನೋಡ್ರಿ, ಬ್ರೇಕಿನ ಮ್ಯಾಲೆ ಕಾಲು ಸರಳ ಹೋಗ್ತದೋ ನೋಡ್ರಿ.

ಕಾಯ್ದೆದ ಮಾತೂ ಒಂದು ಅದ. 2017ರ ಡಿಸೆಂಬರದಾಗ ಕೇಂದ್ರ ಸಾರಿಗೆ ಮಂತ್ರಾಲಯ ಎಲ್ಲಾ ರಾಜ್ಯಕ್ಕ ಪತ್ರ ಬರದು, ಗಾಡಿಗೆ ಅನಧಿಕೃತ ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ಹಾಕಿದವರ ಮ್ಯಾಲೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕ್ರಮ ತಗೊಳ್ರಿ ಅಂತು. ಕಾರು ಜೀಪಿನ ಮುಂದಿನ ಕಬ್ಬಿಣ ನಡಕೊಂಡು ಹೋಗೋರ ಮೈಗೆ ಎಷ್ಟು ಘಾತ ಮಾಡ್ತದ ಅನ್ನೋದು ಅದರ ಹಿಂದಿನ ಚಿಂತಿ. ಅದಕ್ಕ ಬೈಕಿಗೂ ದೈತ್ಯ ಆಕಾರದ್ದು ಹಾಕಿಸೋಕಿಂತ ಕಂಪನಿ ಆ ಮಾಡೆಲ್ಲಿಗೆ ಕೊಡೋ ಅಳತಿಯಂಥಾದ್ದ ಶಾಣೇತನ.

ಈಗ ಮತ್ತ ಹಿಂದಿನ ಗಾಲಿಗೆ ಬರ್ತೀನಿ, ಯಾಕಂದ್ರ ಕಾಯ್ದೆ ನಮ್ಮ ಸಲುವಾಗಿ ಮಾತಾಡಿದ್ದು ಅಲ್ಲಿ. 1989ರ ಕೇಂದ್ರ ಮೋಟಾರು ವಾಹನ ನಿಯಮದಾಗ 123ನೇ ನಿಯಮ ಅಂತ ಒಂದು ಅದ. ಹಿಂದ ಒಬ್ಬರು ಕೂಡೋ ಗಾಡಿಗೆ ಮೂರು ವಸ್ತು ಇರಲೇಬೇಕು ಅಂತದ: ಹಿಡಕೊಳ್ಳಲಿಕ್ಕೆ ಹಿಡಿಕಿ, ಕಾಲು ಇಡಲಿಕ್ಕೆ ಜಾಗಾ, ಹಿಂದಿನ ಗಾಲಿ ಅರ್ಧಕ್ಕ ಕಡಿಮಿ ಇಲ್ಲದಂಗ ಮುಚ್ಚೋ ರಕ್ಷಣಿ. ಹಿಂದ ಕೂತವರ ಅರಿವಿ ಗಾಲ್ಯಾಗ ಸಿಗಬಾರದು ಅಂತ ಕಾರಣಾನೂ ಅಲ್ಲೇ ಬರದಾರ. ಮುಂದಿನ ಲೆಗ್ ಗಾರ್ಡಿನಂಗ ಇದು ನಮ್ಮ ಖುಷಿಗೆ ಬಿಟ್ಟಿದ್ದಲ್ಲ. ಹೊಸಾ ಗಾಡಿಗೆ ಇದಕ್ಕ "ಎಕ್ಸ್ಟ್ರಾ ಫಿಟ್ಟಿಂಗ್" ಅಂತ ಬ್ಯಾರೆ ರೊಕ್ಕ ಹಾಕಿದ್ರ, 123ನೇ ನಿಯಮ ಏನ ಹೇಳ್ತದ ನೋಡ್ರಿ ಅಂತ ಕೇಳ್ರಿ.

ಆದ್ರ ಇವತ್ತ ಹುಡುಗರು ಗಾಡಿ ತಂದ ವಾರದಾಗ ಮೊದಲ ಬಿಚ್ಚಿಸೋದು ಇದನ್ನ. "ಲುಕ್ ಕೆಡ್ತದ" ಅಂತಾರ. ಮುಂದ ಸಾವಿರಾರು ರೂಪಾಯಿ ಕಬ್ಬಿಣ ಹಾಕಿಸಿ, ಹಿಂದ ಪುಕ್ಕಟ ಬಂದದ್ದನ್ನ ಗುಜರಿಗೆ ಹಾಕ್ತಾರ. ನಮ್ಮ ಬಳಗದ ಒಬ್ಬ ಮಾವಶಿ ಹಂಗ ಬಿಚ್ಚಿದ ಗಾಡಿ ಮ್ಯಾಲೆ ಒಂದ ಕಡೆ ಕಾಲು ಹಾಕಿ ಕೂತು ಲಗ್ನಕ್ಕ ಹೊಂಟಿದ್ರು. ಇಳಕಲ್ ಸೀರಿ ಸೆರಗು ಗಾಳಿಗೆ ಹಾರಿ ಗಾಲ್ಯಾಗ ಸಿಕ್ಕಿತು. ಗಾಡಿ ಸಾವಕಾಶ ಇತ್ತಂತ ಜೀವ ಉಳೀತು, ಹೆಗಲ ಎಲುಬು ಮುರೀತು. ಆರು ವಾರ ಕೈ ಜೋಳಿಗ್ಯಾಗ. ಅಷ್ಟು ದಿನಾ ಆ ಮನ್ಯಾಗ ರೊಟ್ಟಿ ಬಡಿಯೋರ ಇರಲಿಲ್ಲ. ಮುಂದಿನ ಲೆಗ್ ಗಾರ್ಡಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಅದಕ್ಕ ನನ್ನ ಲೆಕ್ಕದಾಗ ರೊಕ್ಕದ ಸಾಲು ಹಿಂಗ. ಮೊದಲ ಐಎಸ್‌ಐ ಗುರ್ತು ಇರೋ ಹೆಲ್ಮೆಟ್, ಅದೂ ಎರಡು. ಹಿಂದ ಕೂತವರಿಗೂ ಹೆಲ್ಮೆಟ್ ಬೇಕು ಅಂತ ನಮ್ಮ ರಾಜ್ಯದಾಗ 2016ರ ಜನವರಿಯಿಂದ ಕಡ್ಡಾಯ ಅದ. ಆಮ್ಯಾಲೆ ಸೀರಿ ಗಾರ್ಡು, ಹಿಡಿಕಿ, ಕಾಲಿನ ಪಟ್ಟಿ ಮೂರೂ ಇದ್ದಲ್ಲೇ ಗಟ್ಟಿ ಇರಬೇಕು, ಬಿಚ್ಚಿದ್ದಿದ್ರ ಮತ್ತ ಹಾಕಸಬೇಕು. ಆಮ್ಯಾಲೆ ಒಳ್ಳೆ ಟಾಯರು, ಬ್ರೇಕು. ಇವೆಲ್ಲಾ ಆಗಿ ಉಳಿದ್ರ ಲೆಗ್ ಗಾರ್ಡು. ನಮ್ಮ ಗಾಡಿಗೆ 1,100ರದ್ದ ಹಾಕಿಸಿದ್ವಿ. ಶೋರೂಮಿನ ರೇಟಿನಾಗ ಉಳಿದ 1,700ರಾಗ ನನ್ನ ಹೆಲ್ಮೆಟ್ ಬಂತು.

ಖಂಡೇನವಮಿಗೆ ಎಲ್ಲಾರ ಮನ್ಯಾಗೂ ಗಾಡಿ ತೊಳದು ಪೂಜಾ ಮಾಡ್ತೀವಲ್ಲ, ಆ ದಿನಾ ಕುಂಕುಮ ಹಚ್ಚೋಕ್ಕಿಂತ ಮೊದಲ ಹಿಂದಿನ ಗಾಲಿ ಕಡೆ ಬಗ್ಗಿ ನೋಡ್ರಿ. ಜಾಳಿಗಿ ಅದ ಏನು, ಸ್ಕ್ರೂ ಬಿಗಿ ಅದಾವ ಏನು ಅಂತ ಕೈ ಹಚ್ಚಿ ಅಲ್ಲಾಡಸ್ರಿ. ಇಲ್ಲಂದ್ರ ಆರತಿ ತಾಟು ಕೆಳಗಿಟ್ಟು, ಮೊದಲ ಅದನ್ನ ಹಾಕಿಸಿಕೊಂಡು ಬಾ ಅಂತ ಮಗನ್ನ ಗ್ಯಾರೇಜಿಗೆ ಕಳಸ್ರಿ.