ಜೆಲ್‌ಗಳ ಕುಸಿತ: ಸಿದ್ಧಾಂತಕ್ಕೂ ಪ್ರಯೋಗಕ್ಕೂ ನಡುವಣ ಹತ್ತು ವರ್ಷ

ಒಂದು ವಿದ್ಯಮಾನವನ್ನು ಮೊದಲು ಲೆಕ್ಕಾಚಾರದಲ್ಲಿ ಕಂಡು, ಅನಂತರ ಪ್ರಯೋಗದಲ್ಲಿ ಕಂಡ ಸಂದರ್ಭಗಳು ವಿಜ್ಞಾನದ ಚರಿತ್ರೆಯಲ್ಲಿ ಹಲವು. ಆ ನಡುವಣ ಕಾಲದಲ್ಲಿ ಅಡ್ಡ ನಿಂತದ್ದು ಯಾವುದು ಎಂಬ ವಿಚಾರಣೆ ಮಾತ್ರ ವಿರಳ. ಪಾಲಿಮರ್ ಜೆಲ್‌ಗಳ ಅಧ್ಯಯನ ಇಂಥ ವಿಚಾರಣೆಗೆ ತಕ್ಕ ನಿದರ್ಶನವಾಗಿದೆ.

ಜೆಲ್ ಎಂಬುದು ಉದ್ದನೆಯ ಅಣುಸರಪಳಿಗಳು ಅಲ್ಲಲ್ಲಿ ಬೆಸೆದುಕೊಂಡು ಆದ ಬಲೆ. ಬಲೆಯ ಕಣ್ಣುಗಳಲ್ಲಿ ದ್ರವ ತುಂಬಿರುತ್ತದೆ. ಸರಪಳಿಗೆ ಒಗ್ಗುವ ದ್ರಾವಕವನ್ನು ಹೀರಿ ಬಲೆ ಉಬ್ಬುತ್ತದೆ. ಅದರ ಸ್ಥಿತಿಸ್ಥಾಪಕತೆ ಆ ಉಬ್ಬನ್ನು ತಡೆಯುತ್ತದೆ. ಈ ಸಮತೋಲವನ್ನು ಫ್ಲೋರಿ ಮತ್ತು ರೇನರ್ 1943ರಲ್ಲಿ ಗಣಿತರೂಪಕ್ಕೆ ತಂದರು. 1968ರಲ್ಲಿ ದುಶೆಕ್ ಮತ್ತು ಪ್ಯಾಟರ್ಸನ್ ಇದೇ ದಾರಿಯಲ್ಲಿ ಮುಂದುವರಿದು, ತಕ್ಕ ಪರಿಸ್ಥಿತಿಯಲ್ಲಿ ಜೆಲ್ ಕ್ರಮೇಣ ಕುಗ್ಗದೆ, ಹಬೆ ನೀರಾಗುವಂತೆ ಒಮ್ಮೆಗೇ ಕುಸಿಯಬಲ್ಲುದೆಂದು ತೋರಿಸಿದರು.

ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿದ್ದ ಜಪಾನಿ ಭೌತವಿಜ್ಞಾನಿ ತೊಯೊಇಚಿ ತನಾಕ (1946–2000) 1970ರ ದಶಕದಲ್ಲಿ ಪಾಲಿಅಕ್ರಿಲಮೈಡ್ ಜೆಲ್‌ಗಳಿಂದ ಚದರುವ ಲೇಸರ್ ಬೆಳಕನ್ನು ಅಳೆಯುತ್ತಿದ್ದರು. ತಂಪುಗೊಳಿಸಿದಾಗ ಪಾರದರ್ಶಕವಾದ ಜೆಲ್ ಮಸುಕಾಯಿತು. ಅಳತೆಗಳು ಸೂಚಿಸಿದ ಸಂಧಿತಾಪ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತಲೂ ಕೆಳಗಿತ್ತು. ಶೀತದಲ್ಲಿ ನೀರು ಈ ಸರಪಳಿಗೆ ಅಷ್ಟಾಗಿ ಒಗ್ಗುವುದಿಲ್ಲ. ಅದೇ ಪರಿಣಾಮವನ್ನು ಕೋಣೆಯ ತಾಪದಲ್ಲಿ ಪಡೆಯಲು, ಈ ಪಾಲಿಮರ್ ಕರಗದ ಸಾವಯವ ದ್ರಾವಕವಾದ ಅಸಿಟೋನನ್ನು ನೀರಿಗೆ ಬೆರೆಸಲಾಯಿತು. ಅಸಿಟೋನಿನ ಪ್ರಮಾಣದಲ್ಲಾಗಲಿ ತಾಪದಲ್ಲಾಗಲಿ ಆದ ಅತ್ಯಲ್ಪ ವ್ಯತ್ಯಾಸಕ್ಕೆ ಜೆಲ್ ಥಟ್ಟನೆ ಕುಸಿಯಿತೆಂಬ ವರದಿ 1978ರಲ್ಲಿ ಪ್ರಕಟವಾಯಿತು.

ಆದರೆ ಹೊಸದಾಗಿ ತಯಾರಿಸಿದ ಜೆಲ್‌ಗಳು ಹಾಗೆ ಕುಸಿಯಲಿಲ್ಲ, ಮೆಲ್ಲಗೆ ಕುಗ್ಗಿದವು. ಕುಸಿದವು ಬಹುದಿನ ಇಟ್ಟ ಹಳೆಯ ಜೆಲ್‌ಗಳು. ದಿನ ಕಳೆದಂತೆ ಜಲವಿಭಜನೆಯಿಂದ ಅವುಗಳ ಕೆಲವು ಅಮೈಡ್ ಗುಂಪುಗಳು ಆಮ್ಲ ಗುಂಪುಗಳಾಗಿ, ಸರಪಳಿಗಳು ವಿದ್ಯುದಾವೇಶ ಪಡೆದಿದ್ದವು. ಆವೇಶಕ್ಕೆ ಎದುರಾದ ಅಯಾನುಗಳ ಒತ್ತಡ ಬಲೆಯನ್ನು ಬಹಳವಾಗಿ ಉಬ್ಬಿಸಿ, ಉಬ್ಬಿದ ಸ್ಥಿತಿಗೂ ಕುಗ್ಗಿದ ಸ್ಥಿತಿಗೂ ನಡುವೆ ಬಿರುಕನ್ನು ಉಂಟುಮಾಡುತ್ತದೆ. ಈ ವಿವರಣೆಯನ್ನು ತನಾಕ ಮತ್ತು ಸಹೋದ್ಯೋಗಿಗಳು 1980ರಲ್ಲಿ ಮಂಡಿಸಿದರು; ಅಂಥ ಜೆಲ್‌ಗಳ ಗಾತ್ರ ನೂರಾರು ಪಟ್ಟು ಬದಲಾಗುವುದನ್ನೂ ತೋರಿಸಿದರು.

ಇದರಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಸಿದ್ಧಾಂತ ತಪ್ಪಾಗಿರಲಿಲ್ಲ, ಆವೇಶರಹಿತ ಜೆಲ್‌ಗಳಲ್ಲಿ ಅದು ಬಯಸಿದ ಪರಿಸ್ಥಿತಿ ಸುಲಭವಾಗಿ ಒದಗುತ್ತಿರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಮಾದರಿಯ ವಯಸ್ಸು. ಹಳತಾದುದನ್ನು ಕೆಟ್ಟದ್ದೆಂದು ಬದಿಗಿಟ್ಟಿದ್ದರೆ ಈ ಸ್ಥಿತ್ಯಂತರ ಇನ್ನೂ ಕೆಲಕಾಲ ಕಾಗದದಲ್ಲೇ ಉಳಿಯುತ್ತಿತ್ತು. ಆದ್ದರಿಂದ ಪ್ರಯೋಗದ ಚರಿತ್ರೆಯನ್ನು ಬರೆಯುವವರು ದ್ರಾವಕ, ತಾಪಗಳ ಜೊತೆಗೆ ಮಾದರಿ ತಯಾರಾದ ದಿನವನ್ನೂ ಆಕರವೆಂದು ಪರಿಗಣಿಸುವುದು ಅವಶ್ಯ.